ಐವತ್ತು ಮನೆ ನೋಡಿ ಇಡೀ ಊರಿನ ಮಾತು ಹೇಳಬಹುದೇ?

ಮಕ್ಕಳೇ,

ಅನ್ನ ಬೆಂದಿದೆಯೇ ಎಂದು ನೋಡಲು ಮನೆಯಲ್ಲಿ ಏನು ಮಾಡುತ್ತಾರೆ? ಸೌಟಿನ ತುದಿಯಲ್ಲಿ ಒಂದಗುಳು ತೆಗೆದು ಬೆರಳಿನಿಂದ ಹಿಸುಕಿ ನೋಡುತ್ತಾರೆ. ಇಡೀ ಪಾತ್ರೆಯ ಅನ್ನವನ್ನು ಯಾರೂ ಹಿಸುಕುವುದಿಲ್ಲ. ಅಕ್ಕಿ ಒಂದೇ ತರಹದ್ದು, ಎಲ್ಲ ಅಗುಳೂ ಒಂದೇ ಕುದಿಯುವ ನೀರಿನಲ್ಲಿ ಇವೆ. ಆದ್ದರಿಂದ ಒಂದಗುಳು ಹೇಳಿದ ಮಾತೇ ಇಡೀ ಪಾತ್ರೆಯ ಮಾತು.

ಆದರೆ ಊರು ಅನ್ನದ ಪಾತ್ರೆಯಲ್ಲ. ಒಂದೊಂದು ಮನೆ ಒಂದೊಂದು ತರಹ. ಕೆಲವು ಮನೆಗಳನ್ನು ನೋಡಿ ಇಡೀ ಊರಿನ ಬಗ್ಗೆ ಮಾತಾಡುವಾಗ ಬಹಳ ಎಚ್ಚರ ಬೇಕು. ಈ ಎಚ್ಚರ ತಪ್ಪಿ ನಾನೇ ಒಮ್ಮೆ ಇಬ್ಬರು ಮಕ್ಕಳಿಗೆ ಅನ್ಯಾಯ ಮಾಡಿದ್ದೇನೆ. ಆ ಕತೆಯಿಂದಲೇ ಈ ಲೇಖನ ಆರಂಭಿಸುತ್ತೇನೆ.

ಉಪ್ಪಿನ ಕತೆ

ಕೆಲವು ವರ್ಷಗಳ ಹಿಂದೆ ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಅಕ್ಕಪಕ್ಕದ ಎರಡು ಊರುಗಳ ಶಾಲೆಯವರು ಒಂದೇ ವಿಷಯ ಆರಿಸಿಕೊಂಡಿದ್ದರು: ನಮ್ಮೂರಿನ ಉಪ್ಪಿನಲ್ಲಿ ಅಯೋಡಿನ್ ಇದೆಯೇ?

ವಿಷಯ ಮುಖ್ಯವಾದದ್ದೇ. ನಮ್ಮ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕು. ಅದು ಕಡಿಮೆಯಾದರೆ ಗಳಗಂಡ ಬರಬಹುದು. ತಾಯಿಗೆ ಅಯೋಡಿನ್ ತೀರಾ ಸಾಲದಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆಗೂ ತೊಂದರೆ. ಅದಕ್ಕಾಗಿಯೇ ನಮ್ಮ ದೇಶದಲ್ಲಿ ಅಡುಗೆ ಉಪ್ಪಿಗೆ ಅಯೋಡಿನ್ ಬೆರೆಸುತ್ತಾರೆ. ಅಯೋಡಿನ್ ಬೆರೆಸದ ಉಪ್ಪನ್ನು ಜನರ ನೇರ ಬಳಕೆಗೆ ಮಾರುವಂತಿಲ್ಲ ಎಂಬ ನಿಯಮ 2006ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಉಪ್ಪನ್ನು ಪರೀಕ್ಷಿಸುವುದೂ ಸುಲಭ. ಆರೋಗ್ಯ ಕಾರ್ಯಕರ್ತೆಯರ ಬಳಿ ಇರುವ ಪುಟ್ಟ ಬಾಟಲಿಯ ದ್ರಾವಣವನ್ನು ಒಂದು ಹನಿ ಉಪ್ಪಿನ ಮೇಲೆ ಹಾಕಿದರೆ, ಅಯೋಡಿನ್ ಇದ್ದಲ್ಲಿ ಉಪ್ಪು ನೀಲಿ ಬಣ್ಣಕ್ಕೆ ತಿರುಗುತ್ತದೆ.

ಎರಡೂ ಊರು ದೊಡ್ಡವು. ಒಂದೊಂದರಲ್ಲೂ 800ಕ್ಕಿಂತ ಹೆಚ್ಚು ಮನೆಗಳು. ಮಕ್ಕಳು ತಲಾ 50 ಮನೆಗಳ ಉಪ್ಪನ್ನು ಪರೀಕ್ಷೆ ಮಾಡಿದ್ದರು. ಮೊದಲ ಊರಿನಲ್ಲಿ 40 ಮನೆಗಳ ಉಪ್ಪು ನೀಲಿಯಾಗಿತ್ತು, ಅಂದರೆ ಶೇ. 80. ಎರಡನೆಯ ಊರಿನಲ್ಲಿ 33 ಮನೆ, ಅಂದರೆ ಶೇ. 66. (ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ಸ್ವಲ್ಪ ಸರಳ ಮಾಡಿದ್ದೇನೆ.)

ನಾನು ವೇದಿಕೆಯ ಮೇಲೆ ನಿಂತು, "ಮೊದಲ ಊರು ಮುಂದಿದೆ, ಎರಡನೆಯ ಊರು ಹಿಂದೆ ಬಿದ್ದಿದೆ. ಎರಡನೆಯ ಊರಿನವರು ಮೊದಲ ಊರಿನವರಿಂದ ಕಲಿಯಬೇಕು" ಎಂದು ಹೇಳಿಬಿಟ್ಟೆ. ಬಹುಮಾನವೂ ಮೊದಲ ಊರಿಗೇ ಹೋಯಿತು. ಎರಡನೆಯ ಊರಿನಿಂದ ಇಬ್ಬರು ಹುಡುಗಿಯರು ಬಂದಿದ್ದರು. ಸಭೆ ಮುಗಿದ ಮೇಲೆ ಅವರಲ್ಲಿ ಒಬ್ಬಳು ನನ್ನ ಬಳಿ ಬಂದು ಮೆಲ್ಲಗೆ ಕೇಳಿದಳು: "ಸಾರ್, ನಾವು ಬೇರೆ ಐವತ್ತು ಮನೆಗೆ ಹೋಗಿದ್ದರೆ ಇದೇ ಲೆಕ್ಕ ಬರುತ್ತಿತ್ತಾ?"

ಎಂ.ಎಸ್ಸಿ. ಓದಿದ ನನಗೆ ಆಗ ಉತ್ತರ ಹೊಳೆಯಲಿಲ್ಲ. "ಸುಮಾರಾಗಿ ಬರುತ್ತಿತ್ತಮ್ಮ" ಎಂದು ತೇಲಿಸಿಬಿಟ್ಟೆ. ಬಸ್ಸಿನಲ್ಲಿ ಕುಳಿತ ಮೇಲೆ ಆ ಪ್ರಶ್ನೆ ಕಾಡತೊಡಗಿತು. ಸುಮಾರಾಗಿ ಎಂದರೆ ಎಷ್ಟು? ಎರಡು ಹೆಚ್ಚೋ, ಇಪ್ಪತ್ತು ಕಡಿಮೆಯೋ? ಇದೇ ವಿಜ್ಞಾನದ ಪ್ರಶ್ನೆ. ಅದನ್ನು ಕೇಳಿದವಳು ಆ ಹುಡುಗಿ, ಕೇಳದೆ ತೀರ್ಪು ಕೊಟ್ಟವನು ನಾನು.

ಮಡಕೆಯ ಬೀಜಗಳು

ಉತ್ತರ ಹುಡುಕಲು ನಾನು ಒಂದು ಶಾಲೆಯ ಮಕ್ಕಳ ಜೊತೆ ಸೇರಿ ಒಂದು ಆಟ ಮಾಡಿದೆ. ನೀವೂ ಮಾಡಬಹುದು. ಖರ್ಚು ಏನೂ ಇಲ್ಲ.

ಒಂದು ಸಾವಿರ ಹುಣಸೆಬೀಜಗಳನ್ನು ಎಣಿಸಿ ತೆಗೆದುಕೊಳ್ಳಿ. ಅವುಗಳಲ್ಲಿ 400 ಬೀಜಗಳಿಗೆ ಬಿಳಿ ಬಣ್ಣ ಹಚ್ಚಿ ಒಣಗಿಸಿ. ಎಲ್ಲವನ್ನೂ ಒಂದು ಮಡಕೆಗೆ ಹಾಕಿ ಚೆನ್ನಾಗಿ ಕಲಸಿ. ಈಗ ಮಡಕೆಯಲ್ಲಿ ಬಿಳಿ ಬೀಜಗಳು ಶೇ. 40. ಇದು ನಮಗೆ ಗೊತ್ತಿರುವ ಸತ್ಯ. ಸಾವಿರ ಬೀಜಗಳ ಈ ಗುಂಪಿಗೆ ಸಂಖ್ಯಾಶಾಸ್ತ್ರದಲ್ಲಿ 'ಸಮಷ್ಟಿ' ಎನ್ನುತ್ತಾರೆ.

ಈಗ ತರಗತಿಯ ಪ್ರತಿಯೊಬ್ಬರೂ ಕಣ್ಣು ಮುಚ್ಚಿಕೊಂಡು 50 ಬೀಜ ತೆಗೆಯಲಿ. ಈ 50 ಬೀಜಗಳೇ 'ಮಾದರಿ'. ಬಿಳಿ ಎಷ್ಟು ಎಂದು ಎಣಿಸಿ ಬರೆದುಕೊಂಡು, ಬೀಜಗಳನ್ನು ಮತ್ತೆ ಮಡಕೆಗೆ ಹಾಕಿ ಕಲಸಿ, ಮುಂದಿನವರಿಗೆ ಕೊಡಲಿ.

ನಮ್ಮ ತರಗತಿಯಲ್ಲಿ 40 ಮಕ್ಕಳಿದ್ದರು. ಮೊದಲನೆಯವನಿಗೆ 22 ಬಿಳಿ ಬಂದವು, ಅಂದರೆ ಶೇ. 44. ಎರಡನೆಯವಳಿಗೆ 17, ಅಂದರೆ ಶೇ. 34. ಇನ್ನೊಬ್ಬನಿಗೆ ಸರಿಯಾಗಿ 20. ಮಡಕೆ ಒಂದೇ, ಬೀಜಗಳೂ ಅವೇ. ಆದರೂ ಒಬ್ಬೊಬ್ಬರಿಗೆ ಒಂದೊಂದು ಉತ್ತರ! ಯಾರೂ ಎಣಿಕೆ ತಪ್ಪಿರಲಿಲ್ಲ. ಮಾದರಿ ಬದಲಾದರೆ ಉತ್ತರವೂ ಸ್ವಲ್ಪ ಬದಲಾಗುತ್ತದೆ, ಅಷ್ಟೇ. ಅದು ಮಾದರಿಯ ಸ್ವಭಾವ.

ಎಷ್ಟು ಬದಲಾಗಬಹುದು? ಅದಕ್ಕೊಂದು ಸುಲಭ ಸೂತ್ರವಿದೆ. 100 ನ್ನು ಮಾದರಿಯ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ನಮ್ಮ ಮಾದರಿ 50. ಅದರ ವರ್ಗಮೂಲ ಸುಮಾರು 7. ನೂರನ್ನು ಏಳರಿಂದ ಭಾಗಿಸಿದರೆ ಸುಮಾರು 14. ಅಂದರೆ ನಮಗೆ ಬಂದ ಶೇಕಡಾ ಸಂಖ್ಯೆಯಿಂದ 14 ಕಳೆಯಬೇಕು, 14 ಕೂಡಬೇಕು. ಶೇ. 44 ಬಂದವನು "ಶೇ. 30 ರಿಂದ 58 ರೊಳಗೆ" ಎನ್ನಬೇಕು. ಶೇ. 34 ಬಂದವಳು "ಶೇ. 20 ರಿಂದ 48 ರೊಳಗೆ" ಎನ್ನಬೇಕು. ಇಂಥ ವ್ಯಾಪ್ತಿಗೆ 'ವಿಶ್ವಾಸ ವ್ಯಾಪ್ತಿ' ಎಂದು ಹೆಸರು. (ಈ ಸೂತ್ರ ಒರಟು ಲೆಕ್ಕದ್ದು. ಶೇಕಡಾ ಸಂಖ್ಯೆ ಸೊನ್ನೆಗೋ ನೂರಕ್ಕೋ ತೀರಾ ಹತ್ತಿರ ಇದ್ದಾಗ ಬೇರೆ ಸೂತ್ರ ಬೇಕು. ಅದನ್ನು ಮುಂದೆ ಕಾಲೇಜಿನಲ್ಲಿ ಕಲಿಯುತ್ತೀರಿ.)

ನಾವು ಕಪ್ಪುಹಲಗೆಯ ಮೇಲೆ 0 ಯಿಂದ 100 ರವರೆಗೆ ಅಳತೆಗೆರೆ ಎಳೆದೆವು. 40 ಇರುವಲ್ಲಿ ಕಂಬದಂತೆ ಒಂದು ನೇರ ಗೆರೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ವ್ಯಾಪ್ತಿಯನ್ನು ಒಂದರ ಕೆಳಗೊಂದು ಅಡ್ಡಗೆರೆಯಾಗಿ ಎಳೆದ. ಗೆರೆಗಳು ಕೆಲವು ಎಡಕ್ಕೆ, ಕೆಲವು ಬಲಕ್ಕೆ ಜರುಗಿದ್ದವು. ಆದರೂ ಹೆಚ್ಚುಕಡಿಮೆ ಎಲ್ಲವೂ 40 ರ ಕಂಬವನ್ನು ದಾಟಿ ಹೋಗಿದ್ದವು. ತಪ್ಪಿದ್ದು ಒಂದೇ. ಒಬ್ಬ ಹುಡುಗಿಗೆ 28 ಬಿಳಿ ಬೀಜಗಳು ಬಂದಿದ್ದವು, ಅಂದರೆ ಶೇ. 56. ಅವಳ ಗೆರೆ 42 ರಿಂದ 70. ಅದು ಕಂಬವನ್ನು ಮುಟ್ಟಲೇ ಇಲ್ಲ.

ತೊಂಬತ್ತೈದು ಯಾವುದರ ಮೇಲಿನ ನಂಬಿಕೆ?

ಆ ಹುಡುಗಿಯ ಮುಖ ಬಾಡಿತು. "ನಾನು ಏನು ತಪ್ಪು ಮಾಡಿದೆ ಸಾರ್?" ಎಂದಳು. ಅವಳು ಏನೂ ತಪ್ಪು ಮಾಡಿರಲಿಲ್ಲ. ಎಲ್ಲರಂತೆ ಕಣ್ಣು ಮುಚ್ಚಿಯೇ ತೆಗೆದಿದ್ದಳು, ಸರಿಯಾಗಿಯೇ ಎಣಿಸಿದ್ದಳು. ಅಪರೂಪಕ್ಕೆ ಬರುವ ಮಾದರಿ ಆ ದಿನ ಅವಳ ಕೈಗೆ ಬಂದಿತ್ತು.

ಮಕ್ಕಳೇ, ಇಲ್ಲೇ ದೊಡ್ಡವರೂ ಎಡವುತ್ತಾರೆ. ಗಮನವಿಟ್ಟು ಓದಿ.

ಸಮೀಕ್ಷೆಗಳಲ್ಲಿ "ಶೇ. 95 ವಿಶ್ವಾಸ" ಎಂದು ಬರೆದಿರುತ್ತಾರೆ. ಅದರ ಅರ್ಥ ಹೀಗೆ: ಇದೇ ವಿಧಾನದಲ್ಲಿ ಮತ್ತೆ ಮತ್ತೆ ಮಾದರಿ ತೆಗೆದು ವ್ಯಾಪ್ತಿ ಬರೆಯುತ್ತ ಹೋದರೆ, 100 ವ್ಯಾಪ್ತಿಗಳಲ್ಲಿ ಸುಮಾರು 95 ಸತ್ಯವನ್ನು ಒಳಗೊಂಡಿರುತ್ತವೆ, ಸುಮಾರು 5 ತಪ್ಪುತ್ತವೆ. ಈ 95 ನಮ್ಮ ವಿಧಾನಕ್ಕೆ ಸಿಕ್ಕ ಅಂಕ. ಕೈಯಲ್ಲಿರುವ ಒಂದು ವ್ಯಾಪ್ತಿಗೆ ಸಿಕ್ಕ ಅಂಕವಲ್ಲ.

ಹಾಗಾದರೆ 42 ರಿಂದ 70 ಎಂದ ಹುಡುಗಿಯ ವ್ಯಾಪ್ತಿಯಲ್ಲಿ ಸತ್ಯ ಇರುವ ಸಾಧ್ಯತೆ ಶೇ. 95 ಎನ್ನಬಹುದೇ? ಇಲ್ಲ. ಸತ್ಯ 40. ಅದು ಅವಳ ವ್ಯಾಪ್ತಿಯೊಳಗೆ ಇಲ್ಲವೇ ಇಲ್ಲ. ಮೊದಲನೆಯ ಹುಡುಗನ 30 ರಿಂದ 58 ರಲ್ಲಿ ಅದು ಖಂಡಿತ ಇದೆ. ಒಂದು ವ್ಯಾಪ್ತಿ ಬರೆದಾದ ಮೇಲೆ ಸತ್ಯ ಅದರೊಳಗೆ ಇರುತ್ತದೆ ಅಥವಾ ಇರುವುದಿಲ್ಲ.

ಜಾತ್ರೆಯಲ್ಲಿ ರಿಂಗ್ ಎಸೆಯುವ ಆಟ ನೋಡಿದ್ದೀರಲ್ಲ? ಸೋಪು, ಬೊಂಬೆ ಎಲ್ಲ ಇದ್ದಲ್ಲೇ ಇರುತ್ತವೆ. ಹಾರುವುದು ನಮ್ಮ ಕೈಯ ರಿಂಗ್. ಹಾಗೆಯೇ ಊರಿನ ಸತ್ಯ ಇದ್ದಲ್ಲೇ ಇದೆ. ಮಾದರಿಯಿಂದ ಮಾದರಿಗೆ ಜರುಗುವುದು ನಮ್ಮ ವ್ಯಾಪ್ತಿ. ನೂರು ಸಲ ಎಸೆದರೆ ತೊಂಬತ್ತೈದು ಸಲ ಬೊಂಬೆಗೆ ರಿಂಗ್ ಹಾಕುವ ಗೆಳೆಯನೊಬ್ಬ ನಿಮಗಿದ್ದಾನೆ ಎಂದುಕೊಳ್ಳಿ. ಅವನು ಒಂದು ಸಲ ಎಸೆದ. ರಿಂಗ್ ಬಿದ್ದ ಕೂಡಲೇ ಯಾರೋ ಅದರ ಮೇಲೆ ಬಟ್ಟೆ ಮುಚ್ಚಿದರು. ಬಿತ್ತೋ ಇಲ್ಲವೋ ನಮಗೆ ಕಾಣದು. ಆದರೆ ಎಸೆದವನು ಒಳ್ಳೆಯ ಆಟಗಾರ ಎಂಬುದು ಗೊತ್ತು. ನಮ್ಮ ವಿಶ್ವಾಸ ಆ ಆಟಗಾರನ ಮೇಲೆ.

ಮಡಕೆಯ ಆಟದಲ್ಲಿ ಬಟ್ಟೆ ತೆಗೆದು ನೋಡಬಹುದಿತ್ತು, ಏಕೆಂದರೆ 40 ಎಂಬುದು ನಮಗೆ ಮೊದಲೇ ಗೊತ್ತಿತ್ತು. ಊರಿನ ಸಮೀಕ್ಷೆಯಲ್ಲಿ ಬಟ್ಟೆ ತೆಗೆಯಲು ಆಗುವುದಿಲ್ಲ. ತೆಗೆಯಬೇಕಾದರೆ ಎಲ್ಲ 800 ಮನೆಗೂ ಹೋಗಬೇಕು.

ರಿಂಗ್ ದೊಡ್ಡದು ಮಾಡಿದರೆ ಗುರಿ ತಪ್ಪುವುದು ಕಡಿಮೆಯಾಗುತ್ತದೆ ಎಂದು ನೀವು ಕೇಳಬಹುದು. ನಿಜ. ಆದರೆ "ಊರಿನಲ್ಲಿ ಅಯೋಡಿನ್ ಉಪ್ಪು ಬಳಸುವ ಮನೆಗಳು ಶೇ. 0 ಯಿಂದ 100 ರೊಳಗೆ" ಎಂದರೆ ಮಾತು ಎಂದೂ ತಪ್ಪುವುದಿಲ್ಲ, ಯಾರಿಗೂ ಉಪಯೋಗವೂ ಇಲ್ಲ. ವಿಶ್ವಾಸ ಉಳಿಯಬೇಕು, ವ್ಯಾಪ್ತಿಯೂ ಚಿಕ್ಕದಾಗಬೇಕು ಎಂದರೆ ಮಾದರಿ ದೊಡ್ಡದಾಗಬೇಕು. ಮೇಲಿನ ಸೂತ್ರದಲ್ಲೇ ಲೆಕ್ಕ ಮಾಡಿ. 100 ಮನೆಗೆ ಹೆಚ್ಚುಕಡಿಮೆ 10. 400 ಮನೆಗೆ ಹೆಚ್ಚುಕಡಿಮೆ 5. ವ್ಯಾಪ್ತಿ ಅರ್ಧವಾಗಲು ಮನೆಗಳು ನಾಲ್ಕು ಪಟ್ಟು ಬೇಕು. ವಿಜ್ಞಾನದಲ್ಲಿ ನಿಖರತೆ ಸುಮ್ಮನೆ ಸಿಗುವುದಿಲ್ಲ. ಅದಕ್ಕೆ ಕಾಲು ಸವೆಸಬೇಕು.

ಈ ವಿಶ್ವಾಸ ವ್ಯಾಪ್ತಿಯ ಸಿದ್ಧಾಂತವನ್ನು 1937ರಲ್ಲಿ ವಿವರವಾಗಿ ಮುಂದಿಟ್ಟವರು ಪೋಲೆಂಡಿನ ಗಣಿತಜ್ಞ ಜೆರ್ಜಿ ನೇಮನ್. ನಮ್ಮ ದೇಶದಲ್ಲಿ ಮಾದರಿ ಸಮೀಕ್ಷೆಗೆ ಬುನಾದಿ ಹಾಕಿದವರು ಪ್ರಶಾಂತಚಂದ್ರ ಮಹಲನೋಬಿಸ್. ಬಂಗಾಳದ ಸೆಣಬಿನ ಬೆಳೆ ಎಷ್ಟಿದೆ ಎಂದು ಅವರು ಮಾದರಿ ವಿಧಾನದಿಂದಲೇ ಅಂದಾಜು ಮಾಡಿದ್ದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾದದ್ದೂ ಅವರ ಪ್ರಯತ್ನದಿಂದ. ಅವರ ಹುಟ್ಟುಹಬ್ಬವಾದ ಜೂನ್ 29 ನ್ನು 2007 ರಿಂದ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತಾರೆ.

ನನ್ನ ತೀರ್ಪು ಎಲ್ಲಿ ತಪ್ಪಿತು?

ಈಗ ಉಪ್ಪಿಗೆ ಮರಳೋಣ. ಮೊದಲ ಊರಿನ ಶೇ. 80 ಕ್ಕೆ ಹೆಚ್ಚುಕಡಿಮೆ 14 ಸೇರಿಸಿದರೆ 66 ರಿಂದ 94. ಎರಡನೆಯ ಊರಿನ ಶೇ. 66 ಕ್ಕೆ 52 ರಿಂದ 80. ಎರಡು ವ್ಯಾಪ್ತಿಗಳೂ ಒಂದರ ಮೇಲೊಂದು ಹಾಯ್ದಿವೆ. ಎರಡೂ ಊರಿನಲ್ಲಿ ನಿಜವಾದ ಸಂಖ್ಯೆ ಶೇ. 72 ಇದ್ದಿರಬಹುದು. ಹಾಗೆಂದು ವ್ಯತ್ಯಾಸವೇ ಇಲ್ಲ ಎಂದೂ ಹೇಳುವಂತಿಲ್ಲ. ವ್ಯತ್ಯಾಸ ಇದೆ ಎಂದು ವೇದಿಕೆ ಹತ್ತಿ ಸಾರಲು ಐವತ್ತೈವತ್ತು ಮನೆ ಸಾಲದು, ಅಷ್ಟೇ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮನೆಗಳನ್ನು ಹೇಗೆ ಆರಿಸಿದಿರಿ ಎಂದು ನಾನು ಕೇಳಿಯೇ ಇರಲಿಲ್ಲ. ಆಮೇಲೆ ವಿಚಾರಿಸಿದೆ. ಮೊದಲ ಊರಿನ ಮಕ್ಕಳು ಶಾಲೆಯ ಮುಂದಿನ ದೊಡ್ಡ ಬೀದಿಯಲ್ಲೇ ಸಾಲಾಗಿ ಐವತ್ತು ಮನೆ ಮುಗಿಸಿದ್ದರು. ಎರಡನೆಯ ಊರಿನ ಆ ಇಬ್ಬರು ಹುಡುಗಿಯರು ಊರಿನ ಎಲ್ಲ ಮನೆ ನಂಬರುಗಳನ್ನು ಚೀಟಿಯಲ್ಲಿ ಬರೆದು, ಡಬ್ಬದಲ್ಲಿ ಕುಲುಕಿ, ಐವತ್ತು ಚೀಟಿ ಎತ್ತಿದ್ದರು. ಚೀಟಿ ಬಂದಲ್ಲಿಗೆ ಹೋಗಿದ್ದರು: ಕೆರೆಯಾಚೆಗಿನ ಮನೆಗೂ, ಊರ ಹೊರಗಿನ ಗುಡಿಸಲಿಗೂ. ವಿಶ್ವಾಸ ವ್ಯಾಪ್ತಿಯ ಸೂತ್ರ ಕೆಲಸ ಮಾಡುವುದು ಹೀಗೆ ಯಾವ ಮನೆಗೂ ಪಕ್ಷಪಾತವಿಲ್ಲದೆ ಆರಿಸಿದಾಗ ಮಾತ್ರ. ಒಂದೇ ಬೀದಿ ನೋಡಿದವರ ಹೆಚ್ಚುಕಡಿಮೆ 14 ಎಂಬುದಕ್ಕೆ ಅರ್ಥವೇ ಇಲ್ಲ. ಮಡಕೆಯ ಮೇಲ್ಭಾಗದಲ್ಲಿ ಬಿಳಿ ಬೀಜಗಳನ್ನೇ ತುಂಬಿ, ಕಲಸದೆ ತೆಗೆದ ಹಾಗೆ ಅದು.

ಸರಿಯಾಗಿ ವಿಜ್ಞಾನ ಮಾಡಿದವರನ್ನು ನಾನು ಹಿಂದೆ ಬಿದ್ದವರು ಎಂದಿದ್ದೆ. ಆ ಶಾಲೆಗೆ ಹೋಗಿ, ಮಕ್ಕಳ ಮುಂದೆಯೇ ನನ್ನ ತಪ್ಪು ಒಪ್ಪಿಕೊಂಡೆ.

ಮುಂದಿನ ವರ್ಷ ಎರಡೂ ಶಾಲೆಯವರು ಚೀಟಿ ಎತ್ತಿ ತಲಾ 200 ಮನೆ ನೋಡಿದರು. ಮೊದಲ ಊರಿನಲ್ಲಿ ಶೇ. 72, ಎರಡನೆಯದರಲ್ಲಿ ಶೇ. 70, ಎರಡಕ್ಕೂ ಹೆಚ್ಚುಕಡಿಮೆ 7. ಯಾರು ಮೇಲು ಎಂಬ ಪ್ರಶ್ನೆ ಅಲ್ಲಿಗೆ ಬಿದ್ದುಹೋಯಿತು. ಆದರೆ ಎರಡೂ ಊರಿನಲ್ಲಿ ಸುಮಾರು ಐದರಲ್ಲೊಂದು ಮನೆಯಿಂದ ಮೂರರಲ್ಲೊಂದು ಮನೆಯವರೆಗೆ ಉಪ್ಪಿನಲ್ಲಿ ಅಯೋಡಿನ್ ಇಲ್ಲ ಎಂಬುದು ಎದ್ದು ಕಂಡಿತು. ಬಹುಮಾನದ ಗದ್ದಲದಲ್ಲಿ ನಾನು ಕಾಣದೆ ಹೋದದ್ದು ಇದನ್ನೇ. ಮಕ್ಕಳು ಆ ಮನೆಗಳಿಗೆ ಹೋಗಿ, ಅಯೋಡಿನ್ ಇರುವ ಉಪ್ಪನ್ನೇ ಕೇಳಿ ತರಬೇಕು, ತೇವ ತಾಗದಂತೆ ಮುಚ್ಚಳವಿರುವ ಡಬ್ಬದಲ್ಲಿ ಇಡಬೇಕು ಎಂದು ಹೇಳಿ ಬಂದರು.

ಎರಡು ಹುಲಿಗಳ ಗೆಲುವು

ಈ ತಪ್ಪು ನನ್ನೊಬ್ಬನದಲ್ಲ. 2018ರ ಹುಲಿ ಗಣತಿಯ ವರದಿ 2019ರ ಜುಲೈನಲ್ಲಿ ಬಂತು. ಮಧ್ಯಪ್ರದೇಶದಲ್ಲಿ 526, ಕರ್ನಾಟಕದಲ್ಲಿ 524. ಎರಡು ಹುಲಿಗಳಿಂದ ನಾವು ಮೊದಲ ಸ್ಥಾನ ಕಳೆದುಕೊಂಡೆವು ಎಂದು ಎಲ್ಲೆಡೆ ಮಾತಾಯಿತು. ಆದರೆ ಹುಲಿಗಳನ್ನು ಸಾಲಾಗಿ ನಿಲ್ಲಿಸಿ ಎಣಿಸಲು ಆಗುತ್ತದೆಯೇ? ಕ್ಯಾಮೆರಾ ಚಿತ್ರಗಳಿಂದ ಲೆಕ್ಕ ಹಾಕಿದ ಅಂದಾಜು ಅದು. ಅದೇ ವರದಿಯಲ್ಲಿ ಕರ್ನಾಟಕದ ವ್ಯಾಪ್ತಿ 475 ರಿಂದ 573 ಎಂದಿತ್ತು. ನೂರರಷ್ಟು ಅಗಲದ ವ್ಯಾಪ್ತಿಯಲ್ಲಿ ಎರಡು ಹುಲಿಯ ಸೋಲು ಗೆಲುವಿಗೆ ಏನು ಅರ್ಥ? 2022ರ ಗಣತಿಯಲ್ಲಿ ಮಧ್ಯಪ್ರದೇಶಕ್ಕೆ 785, ಕರ್ನಾಟಕಕ್ಕೆ 563 ಬಂತು. ಅಷ್ಟು ದೊಡ್ಡ ಅಂತರವಾದರೆ ಅದು ಬೇರೆ ಮಾತು. ಹುಲಿಯ ಲೆಕ್ಕ ಶೇಕಡಾವಾರು ಲೆಕ್ಕವಲ್ಲ, ಅದರ ಸೂತ್ರವೂ ಬೇರೆ. ಆದರೂ ಪಾಠ ಒಂದೇ.

ದೊಡ್ಡ ಸಮೀಕ್ಷೆಗಳು ಈ ಶಿಸ್ತನ್ನು ಪಾಲಿಸುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಭೇಟಿ ಮಾಡಿದ್ದು 6,36,699 ಮನೆಗಳನ್ನು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 25 ಕೋಟಿ ಮನೆಗಳಿದ್ದವು. ಸುಮಾರು ನಾಲ್ಕುನೂರಕ್ಕೆ ಒಂದು ಮನೆ ನೋಡಿ ದೇಶದ ಮಾತು ಹೇಳುತ್ತಾರೆ. ಮನೆಗಳನ್ನು ಪಕ್ಷಪಾತವಿಲ್ಲದೆ ಆರಿಸುತ್ತಾರೆ. ವರದಿಯ ಕೊನೆಯಲ್ಲಿ ಎಷ್ಟು ಹೆಚ್ಚುಕಡಿಮೆ ಎಂದು ಪಟ್ಟಿಯನ್ನೂ ಕೊಡುತ್ತಾರೆ. ಆ ಪುಟಗಳನ್ನು ತಿರುವಿ ನೋಡುವವರು ಮಾತ್ರ ಕಡಿಮೆ.

ನನ್ನ ಅಭಿಪ್ರಾಯ

ಶಾಲೆಯ ವಸ್ತುಪ್ರದರ್ಶನವಿರಲಿ, ಪತ್ರಿಕೆಯಿರಲಿ, ಮಾದರಿಯಿಂದ ಬಂದ ಶೇಕಡಾ ಸಂಖ್ಯೆಯನ್ನು ಒಂಟಿಯಾಗಿ ಬರೆಯಬಾರದು. ಅದರ ಪಕ್ಕದಲ್ಲಿ ಎಷ್ಟು ಹೆಚ್ಚುಕಡಿಮೆ, ಎಷ್ಟು ಮನೆ ನೋಡಿದ್ದು, ಹೇಗೆ ಆರಿಸಿದ್ದು ಎಂಬ ಮೂರೂ ಇರಬೇಕು. ಇವಿಲ್ಲದ ಚಾರ್ಟಿಗೆ ನಾನು ಈಗ ಬಹುಮಾನ ಕೊಡುವುದಿಲ್ಲ, ಚಿತ್ರ ಎಷ್ಟೇ ಚೆನ್ನಾಗಿರಲಿ.

"ಹೆಚ್ಚುಕಡಿಮೆ ಎಂದರೆ ಜನ ನಂಬುವುದಿಲ್ಲ, ಮಕ್ಕಳಿಗೆ ಗೊಂದಲವಾಗುತ್ತದೆ" ಎಂದು ಕೆಲವು ಶಿಕ್ಷಕ ಮಿತ್ರರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮದುವೆಗೆ ಎಷ್ಟು ಜನ ಬಂದಿದ್ದರು ಎಂದು ಅಜ್ಜಿಯನ್ನು ಕೇಳಿ ನೋಡಿ, "ಮುನ್ನೂರು ನಾನ್ನೂರು ಜನ ಇದ್ದರಪ್ಪ" ಎನ್ನುತ್ತಾರೆ. ಈ ಸಲ ರಾಗಿ ಎಷ್ಟಾಗಬಹುದು ಎಂದರೆ ರೈತರು "ಹತ್ತು ಹನ್ನೆರಡು ಮೂಟೆ" ಎನ್ನುತ್ತಾರೆ. ನಾಲ್ಕೈದು, ಎಂಟ್ಹತ್ತು ಎಂಬ ಮಾತುಗಳು ನಮ್ಮ ಭಾಷೆಯಲ್ಲೇ ಇವೆ. ಹಾಗೆ ಹೇಳುವವರನ್ನು ನಾವು ಸುಳ್ಳುಗಾರರು ಎನ್ನುವುದಿಲ್ಲ, ತಿಳಿದವರು ಎನ್ನುತ್ತೇವೆ. ವಿಜ್ಞಾನ ಇದಕ್ಕೆ ಸೇರಿಸಿದ್ದು ಒಂದೇ: ಆ ಅಂದಾಜು ಎಷ್ಟು ಅಗಲ ಇರಬೇಕು, ನೂರಕ್ಕೆ ಎಷ್ಟು ಸಲ ತಪ್ಪಬಹುದು ಎಂಬ ಲೆಕ್ಕ.

ಮಕ್ಕಳೇ, ಇನ್ನು ಮುಂದೆ ಯಾರಾದರೂ "ಶೇ. ಇಷ್ಟು" ಎಂದು ಗಟ್ಟಿಯಾಗಿ ಹೇಳಿದರೆ, ಅವರು ನಿಮ್ಮ ಮೇಷ್ಟರೇ ಆಗಿರಲಿ, ತೀರ್ಪುಗಾರರೇ ಆಗಿರಲಿ, ಆ ಹುಡುಗಿ ಕೇಳಿದಂತೆ ವಿನಯದಿಂದ ಕೇಳಿ: "ಬೇರೆ ಐವತ್ತು ಮನೆಗೆ ಹೋಗಿದ್ದರೆ?" ಹುಣಸೆಬೀಜದ ಆಟವನ್ನೂ ನಿಮ್ಮ ತರಗತಿಯಲ್ಲಿ ಮಾಡಿ ನೋಡಿ. ಯಾರ ಗೆರೆಯಾದರೂ ಕಂಬಕ್ಕೆ ತಾಗದೆ ಹೋದರೆ ಅವರನ್ನು ನೋಡಿ ನಗಬೇಡಿ. ನೂರಕ್ಕೆ ಐದು ಸಲ ಅದು ನಮ್ಮೆಲ್ಲರ ಸರದಿಯೂ ಆಗಬಹುದು.